ಮೇಷ್ಟ್ರ ರಿವರ್ಸ್ ಗೇರು

"ಅಳೋ ಇಲಾಖೆ ನಿಂದು, ಅದನ್ನ ನೀನೇ ನೋಡ್ಕೋ. ನಾನಂತೂ ಹಚ್ಚಿಕೊಳ್ಳೋ ಪೈಕಿ ಅಲ್ಲ," ಎಂದು ಮೇಷ್ಟ್ರು ಕಾಫಿ ಲೋಟವನ್ನು ಮೇಜಿನ ಮೇಲೆ ಕುಕ್ಕಿದರು. ಕುಕ್ಕಿದ ರಭಸಕ್ಕೆ ಉಳಿದಿದ್ದ ಕಾಫಿ ಹಾರಿ ಅಂಗಿಯ ಮೇಲೆ ಬಿತ್ತು. ಘೋಷಣೆಯ ಗಾಂಭೀರ್ಯ ಕೆಡಬಾರದೆಂದು ಅವರು ಅದನ್ನು ಒರೆಸಿಕೊಳ್ಳಲೂ ಇಲ್ಲ.

ಮೇಷ್ಟ್ರು ಎಂದರೆ ಬಳಪ ಹಿಡಿದವರಲ್ಲ, ಸ್ಟೇರಿಂಗ್ ಹಿಡಿಸುವವರು. ಊರಿನ ಅರ್ಧದಷ್ಟು ಜನ ಅವರ ಪಕ್ಕದಲ್ಲಿ ಕೂತು, ಬೈಸಿಕೊಂಡು, ಬೆವರಿಳಿಸಿ, ಕೊನೆಗೆ ಲೈಸೆನ್ಸ್ ಹಿಡಿದುಕೊಂಡು ಹೋದವರೇ. ಹೋದವರು ಮತ್ತೆ ಸಿಗ್ನಲ್ಲಿನಲ್ಲಿ ಸಿಕ್ಕರೆ ಹಾರ್ನ್ ಹೊಡೆದು ನಗುತ್ತಾರೆ, ಅಷ್ಟೆ. ಮೇಷ್ಟ್ರೂ ನಗುತ್ತಾರೆ. ಬಂದವರನ್ನು ಕಳಿಸಿಕೊಡುವುದೇ ತನ್ನ ಉದ್ಯೋಗ, ಅದರಲ್ಲಿ ತನ್ನನ್ನು ಮೀರಿಸುವವರಿಲ್ಲ ಎಂಬುದು ಅವರ ಹೆಮ್ಮೆ.

ಅವರ ಹೆಂಡತಿ ಆಸ್ಪತ್ರೆಯ ಎಕ್ಸ್‌ರೇ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದರು. ಜನರ ಒಳಗಿರುವುದನ್ನು ಹೊರಗಿನಿಂದಲೇ ನೋಡಿ ನೋಡಿ ಆಕೆಗೆ ಮೇಷ್ಟ್ರ ಘೋಷಣೆಗಳ ಮೇಲೆ ಅಷ್ಟೇನೂ ನಂಬಿಕೆ ಉಳಿದಿರಲಿಲ್ಲ.

ಮಾತು ಬಂದದ್ದು ನಾಯಿಯ ವಿಷಯಕ್ಕೆ. ಆಸ್ಪತ್ರೆಯ ಹಿಂದಿನ ಬೀದಿಯಲ್ಲಿ ಪ್ರಾಣಿಗಳ ಡಾಕ್ಟರಮ್ಮ ಒಬ್ಬರಿದ್ದರು. ಯಾರೋ ಬಿಟ್ಟುಹೋದ, ಗಾಡಿಗೆ ಸಿಕ್ಕಿದ, ಪೆಟ್ಟು ತಿಂದ ನಾಯಿಗಳನ್ನೆಲ್ಲ ತಂದು ಕ್ಲಿನಿಕ್ಕಿನ ಹಿಂದೆಯೇ ಇಟ್ಟುಕೊಂಡು, ಗುಣಪಡಿಸಿ, ಒಳ್ಳೆಯ ಮನೆ ಹುಡುಕಿ ಕೊಡುತ್ತಿದ್ದರು. ಈಗ ಅಲ್ಲಿ ಕಾಲಿಡಲು ಜಾಗವಿರಲಿಲ್ಲ. "ಮನೆ ಸಿಗೋವರೆಗೆ ಒಂದನ್ನ ನೀವು ಇಟ್ಕೊಳ್ತೀರಾ?" ಎಂದು ಕೇಳಿದ್ದರು.

"ಇಟ್ಕೊಳ್ಳೋದು ಕಷ್ಟ ಅಲ್ಲ ರೀ," ಎಂದರು ಹೆಂಡತಿ. "ಕೊಡೋದು ಕಷ್ಟ. ಕರುಳು ಕಿತ್ತು ಬರುತ್ತೆ."

"ಕರುಳಿಗೂ ಒಂದು ಶಿಸ್ತು ಇರಬೇಕು," ಎಂದರು ಮೇಷ್ಟ್ರು. ಅಲ್ಲಿಯೇ ಶಾಸನಗಳನ್ನೂ ಹೊರಡಿಸಿದರು. ನಾಯಿ ಸೋಫಾ ಹತ್ತಬಾರದು. ಮಲಗುವ ಕೋಣೆಗೆ ಬರಬಾರದು. ಅದರ ಜೊತೆ ಮುದ್ದು ಮಾತು ಕೂಡದು. ಎಲ್ಲಕ್ಕಿಂತ ಮುಖ್ಯವಾಗಿ, ಹೆಸರು ಇಡಕೂಡದು. ಹೆಸರಿಟ್ಟರೆ ನಂಟು ಅಂಟಿಕೊಂಡಿತು ಎಂದೇ ಲೆಕ್ಕ.

ನಾಯಿ ಬಂತು. ಕಂದು ಬಣ್ಣ, ಎಲುಬು ಕಾಣುವ ಪಕ್ಕೆ, ಒಂದು ಕಿವಿ ನೆಟ್ಟಗೆ, ಇನ್ನೊಂದು ಮಡಿಸಿಟ್ಟ ಕರ್ಚೀಫಿನ ಹಾಗೆ. ಹಿಂದಿನ ಎಡಗಾಲನ್ನು ಕುಂಟುತ್ತಿತ್ತು. ಡಾಕ್ಟರಮ್ಮ ಹಗ್ಗ ಬಿಚ್ಚಿದ್ದೇ ತಡ, ಅದು ಅಡುಗೆಮನೆ ದಾಟಿ, ವಾಷಿಂಗ್ ಮೆಷಿನ್ನಿಗೂ ಗೋಡೆಗೂ ನಡುವಿನ ಸಂದಿಗೆ ನುಗ್ಗಿ, ಮಾಯವಾಯಿತು.

"ಮನುಷ್ಯರನ್ನ ಕಂಡರೆ ಹೆದರುತ್ತೆ," ಎಂದರು ಡಾಕ್ಟರಮ್ಮ. "ಬಲವಂತ ಮಾಡಬೇಡಿ. ಅದಾಗೇ ಬರುತ್ತೆ."

ಅದು ಬರಲಿಲ್ಲ. ಅನ್ನದ ತಟ್ಟೆ ಸಂದಿಯ ಬಾಯಲ್ಲಿಟ್ಟು ಎಲ್ಲರೂ ಆಚೆ ಹೋದರೆ ಮಾತ್ರ ಖಾಲಿಯಾಗುತ್ತಿತ್ತು. ಮೇಷ್ಟ್ರಿಗೆ ಇದು ಅವಮಾನವೆನಿಸಿತು. ಸ್ಟೇರಿಂಗ್ ಮುಟ್ಟಲು ಹೆದರುತ್ತಿದ್ದ ಅಜ್ಜಿಯರಿಗೆ ಹೆದ್ದಾರಿಯಲ್ಲಿ ಲಾರಿ ಹಿಂದಿಕ್ಕುವುದನ್ನು ಕಲಿಸಿದ ತನಗೆ ಒಂದು ನಾಯಿಯನ್ನು ಮೆಷಿನ್ನಿನ ಹಿಂದಿನಿಂದ ಈಚೆ ತರಲಾಗುವುದಿಲ್ಲವೇ?

ಹೆಂಡತಿ ಡ್ಯೂಟಿಗೆ ಹೋದ ಒಂದು ಮಧ್ಯಾಹ್ನ ಅವರು ಕೈಯಲ್ಲಿ ರಸ್ಕ್ ಹಿಡಿದು ನೆಲದ ಮೇಲೆ ಮಕಾಡೆ ಮಲಗಿ ಸಂದಿಯೊಳಗೆ ತೋಳು ಚಾಚಿದರು. ತಲುಪಲಿಲ್ಲ. ಭುಜ ತೂರಿಸಿದರು. ಆಮೇಲೆ ತಲೆ. ತಲೆ ಹೋದ ಮೇಲೆ ಹೊಟ್ಟೆಗೂ ಧೈರ್ಯ ಬಂದು ಅದೂ ಹಿಂದೆ ಹೊರಟಿತು. ಅಲ್ಲಿಗೆ ಮೇಷ್ಟ್ರು ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ.

ಕತ್ತಲೆಯಲ್ಲಿ ಎರಡು ಕಣ್ಣು ಅವರನ್ನೇ ನೋಡುತ್ತಿದ್ದವು.

"ನೋಡಪ್ಪ," ಎಂದರು ಮೇಷ್ಟ್ರು, ಬೇರೆ ಯಾರೂ ಮಾತಿಗಿಲ್ಲದೆ. "ಈಗ ನಮ್ಮಿಬ್ಬರ ಪರಿಸ್ಥಿತಿಯೂ ಒಂದೇ. ನಿನಗೂ ಹೊರಗೆ ಬರೋಕಾಗ್ತಿಲ್ಲ, ನನಗೂ ಆಗ್ತಿಲ್ಲ. ಈ ರಸ್ಕ್ ಆದರೂ ತಿನ್ನು."

ನಾಯಿ ಯೋಚಿಸಿತು. ಮೇಷ್ಟ್ರು ಕಾಲು ಒದ್ದಾಡಿಸಿದರು. ಒದೆ ಸರಿಯಾಗಿ ಮೆಷಿನ್ನಿನ ನೀರು ಹೊರಹೋಗುವ ಪೈಪಿಗೆ ಬಿತ್ತು. ಪೈಪು ಕಳಚಿಕೊಂಡಿತು. ಮೆಷಿನ್ನಿನೊಳಗೆ ಬೆಡ್‌ಶೀಟುಗಳು ನೆನೆಯುತ್ತಿದ್ದವು. ಆ ಸೋಪಿನ ನೀರಷ್ಟೂ ಅವರ ಕುತ್ತಿಗೆಯ ಮೇಲಿಂದ ಹರಿದು, ಅಡುಗೆಮನೆಗೆ ಇಳಿದು, ನಡುಮನೆಯ ಚಾಪೆಯನ್ನು ಎತ್ತಿಕೊಂಡು ಬಾಗಿಲಿನ ಕಡೆ ಹೊರಟಿತು. ಅದೇ ಸೋಪು ಮೇಷ್ಟ್ರಿಗೂ ಉಪಕಾರ ಮಾಡಿತು. ಸರ್ರನೆ ಜಾರಿ ಹೊರಗೆ ಬಂದರು. ಜೊತೆಯಲ್ಲೇ ನಾಯಿಯೂ ಬಂತು.

ಹೆಂಡತಿ ಕೆಲಸ ಮುಗಿಸಿ ಬಾಗಿಲು ತೆಗೆದಾಗ ನೊರೆಯ ನಡುವೆ ಮೇಷ್ಟ್ರು ಅಂಗಾತ ಮಲಗಿದ್ದರು. ನಾಯಿ ಅವರ ಎದೆಯ ಮೇಲೆ ಕೂತು ರಸ್ಕ್ ತಿನ್ನುತ್ತಿತ್ತು.

"ಏನ್ರೀ ಇದು?"

"ಶ್, ಗಟ್ಟಿಯಾಗಿ ಮಾತಾಡಬೇಡ," ಎಂದರು ಮೇಷ್ಟ್ರು. "ಈಗ ತಾನೇ ನಂಬಿಕೆ ಬಂದಿದೆ ಅದಕ್ಕೆ."

ಹಾಗೆ ಬಂದ ನಂಬಿಕೆ ಅತಿಯಾಯಿತು. ಮೇಷ್ಟ್ರು ಬಚ್ಚಲಿಗೆ ಹೋದರೆ ನಾಯಿ ಬಾಗಿಲ ಬಳಿ ಕಾವಲು. ಮೇಷ್ಟ್ರು ಪಾಠಕ್ಕೆ ಹೊರಟರೆ ಬೀದಿಯವರೆಲ್ಲ ಹೊರಗೆ ಬಂದು ನೋಡುವಂಥ ಗೋಳಾಟ. ಮನೆಯಲ್ಲಿ ಬಿಟ್ಟರೆ ಸೋಫಾದ ದಿಂಬು ಚಿಂದಿ. ಬೇರೆ ದಾರಿ ಕಾಣದೆ ಮೇಷ್ಟ್ರು ಅದನ್ನು ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಪಾಠಕ್ಕೆ ಹೊರಟರು. "ತಾತ್ಕಾಲಿಕ ವ್ಯವಸ್ಥೆ," ಎಂದು ಹೆಂಡತಿಗೆ ಹೇಳಿದರು.

ಕಲಿಯುವವರ ಪಕ್ಕ ಕೂತವರು ದಿನವಿಡೀ ಯಾವ ಪದವನ್ನು ಹೆಚ್ಚು ಹೇಳುತ್ತಾರೆಂಬುದು ಕಾರು ಕಲಿತವರಿಗೆಲ್ಲ ಗೊತ್ತು. "ಕ್ಲಚ್. ಕ್ಲಚ್ ಒತ್ತಿ. ಅಯ್ಯೋ, ಕ್ಲಚ್ಚು, ಕ್ಲಚ್ಚು." ಹೀಗೆ ಬೆಳಗಿನಿಂದ ಸಂಜೆಯವರೆಗೆ ಮೇಷ್ಟ್ರು ಕಳಕಳಿಯಿಂದ, ಕೋಪದಿಂದ, ಕೆಲವೊಮ್ಮೆ ಕೈಮುಗಿದು ಕೂಗುತ್ತಿದ್ದರೆ ಹಿಂದೆ ಕೂತ ನಾಯಿ ಏನೆಂದುಕೊಳ್ಳಬೇಕು? ಇಷ್ಟೊಂದು ಪ್ರೀತಿಯಿಂದ ಯಾರನ್ನೋ ಕರೆಯುತ್ತಿದ್ದಾರೆ, ಕಾರಿನಲ್ಲಿರುವ ನಾಯಿಯೆಂದರೆ ನಾನೊಬ್ಬನೇ ಎಂದು ಅದು ತೀರ್ಮಾನಿಸಿತು. ಆಮೇಲಿಂದ "ಕ್ಲಚ್" ಎಂದಾಗಲೆಲ್ಲ ಸೀಟುಗಳ ನಡುವಿನಿಂದ ಮೂತಿ ತೂರಿಸಿ ಮೇಷ್ಟ್ರ ಕಿವಿ ನೆಕ್ಕತೊಡಗಿತು. ಕಲಿಯುವವರು ನಕ್ಕು ಹಗುರಾಗಿ, ಮರುಕ್ಷಣ ಸರಿಯಾಗಿಯೇ ಕ್ಲಚ್ ಒತ್ತುತ್ತಿದ್ದರು.

ಒಂದು ಸಂಜೆ ಹೆಂಡತಿ ಮನೆಯಲ್ಲಿ ಕೇಳಿದರು: "ಕ್ಲಚ್ಚಪ್ಪ ಅಂತ ಕರೆದರಲ್ಲ ಈಗ, ಯಾರನ್ನ?"

"ಅದನ್ನ."

"ಹೆಸರಿಡಬಾರದು ಅಂದಿದ್ದಿರಿ."

"ನಾನೆಲ್ಲಿ ಇಟ್ಟೆ? ಅದೇ ಇಟ್ಕೊಂಡಿದೆ. ನಾನು ಮರ್ಯಾದೆಗೆ ಒಂದು 'ಅಪ್ಪ' ಸೇರಿಸಿದೆ, ಅಷ್ಟೆ."

ಸೋಫಾದ ಮೇಲೆ ಮೇಷ್ಟ್ರ ತೊಡೆಗೆ ತಲೆಯಿಟ್ಟು ಮಲಗಿದ್ದ ಕ್ಲಚ್ಚಪ್ಪನನ್ನೂ, ಅವನ ನಿದ್ದೆ ಕೆಡದಿರಲೆಂದು ಮರಗಟ್ಟಿದ ಕಾಲನ್ನು ಅಲ್ಲಾಡಿಸದೆ ಕೂತ ಗಂಡನನ್ನೂ ನೋಡಿ, ಹೆಂಡತಿ ಒಳಗೆ ಹೋದರು. ಎಕ್ಸ್‌ರೇ ಫಿಲ್ಮೇ ಬೇಕಿರಲಿಲ್ಲ, ಎಲ್ಲ ಸ್ಪಷ್ಟವಾಗಿ ಕಾಣುತ್ತಿತ್ತು.

ಅಷ್ಟರಲ್ಲಿ ಡಾಕ್ಟರಮ್ಮ ಮನೆ ಹುಡುಕತೊಡಗಿದ್ದರು. ಕ್ಲಚ್ಚಪ್ಪನನ್ನು ನೋಡಲು ಮೊದಲು ಒಬ್ಬ ವ್ಯಾಯಾಮಶಾಲೆಯ ಯಜಮಾನ ಬಂದ. ಮೇಷ್ಟ್ರು ಅವನ ತೋಳುಗಳನ್ನು ನೋಡಿ, "ಇವರು ಕುಂಟು ಕಾಲಿನ ನಾಯಿಗೂ ಬಸ್ಕಿ ಹೊಡೆಸ್ತಾರೆ, ಬೇಡ," ಎಂದರು. ಆಮೇಲೆ ಹೊಸದಾಗಿ ಮದುವೆಯಾದ ಜೋಡಿ. "ಅವರಿಗೆ ಒಬ್ಬರ ಮುಖ ಒಬ್ಬರು ನೋಡೋದಕ್ಕೇ ಹೊತ್ತು ಸಾಲದು, ನಾಯಿಯನ್ನ ಯಾರು ನೋಡ್ತಾರೆ?" ರಿಟೈರಾದ ನ್ಯಾಯಾಧೀಶರೊಬ್ಬರು ಬಂದು ಗಂಟೆಗಟ್ಟಲೆ ಕೂತು ಕ್ಲಚ್ಚಪ್ಪನ ಕಿವಿ ಸವರಿದರು. ಅವರಲ್ಲಿ ಯಾವ ದೋಷವೂ ಸಿಗದೆ ಮೇಷ್ಟ್ರು ಒದ್ದಾಡಿ, ಕೊನೆಗೆ "ಸ್ವಲ್ಪ ಗೊರಕೆ ಹೊಡೆಯೋರ ಥರ ಕಾಣ್ತಾರೆ," ಎಂದರು.

"ಮೇಷ್ಟ್ರೇ," ಎಂದರು ಡಾಕ್ಟರಮ್ಮ, "ನಾಯಿಗೆ ಮನೆ ಹುಡುಕ್ತಿದ್ದೀನಾ, ಇಲ್ಲ ನಿಮಗೆ ತಪ್ಪು ಹುಡುಕೋಕೆ ಜನ ಒದಗಿಸ್ತಿದ್ದೀನಾ?"

ಕೊನೆಗೆ ಬಂದವರನ್ನು ಬೇಡವೆನ್ನಲು ಮೇಷ್ಟ್ರಿಗೆ ಬಾಯಿಯೇ ಬರಲಿಲ್ಲ. ಏಕೆಂದರೆ ಅವರು ಹೊರಗಿನವರಲ್ಲ, ಮೇಷ್ಟ್ರ ಶಿಷ್ಯೆಯೇ. ಊರಾಚೆ ಗಿಡಗಳ ನರ್ಸರಿ ನಡೆಸುತ್ತಿದ್ದರು. ಎಲ್ಲರೂ ಅವರನ್ನು ನರ್ಸರಿ ಅಕ್ಕ ಎನ್ನುತ್ತಿದ್ದರು. ಒಬ್ಬರೇ ಇರುತ್ತಿದ್ದರು, ಗಿಡಗಳ ಜೊತೆ ಮಾತಾಡುತ್ತಿದ್ದರು. ಕಾರು ಕಲಿಯಲು ಬಂದಾಗ ರಸ್ತೆಯಲ್ಲಿ ಒಣಗಿದ ಎಲೆ ಹಾರಿದರೂ ಬ್ರೇಕ್ ಹಾಕುತ್ತಿದ್ದರು. ಹಿಂದಿನ ಸೀಟಿನಿಂದ ಕ್ಲಚ್ಚಪ್ಪ ಅವರ ಭುಜದ ಮೇಲೆ ಗದ್ದ ಊರಿದ ದಿನದಿಂದ ಅವರು ಎಲೆಗೆ ಬ್ರೇಕ್ ಹಾಕುವುದು ನಿಂತಿತ್ತು. ನಾಯಿಯೂ ಅಷ್ಟೆ, ಅಕ್ಕ ಕಾರು ಹತ್ತಿದರೆ ಮೇಷ್ಟ್ರ ಕಿವಿಯನ್ನು ಮರೆತೇಬಿಡುತ್ತಿತ್ತು. ಇದನ್ನು ಮೇಷ್ಟ್ರು ಗಮನಿಸಿದ್ದರು. ಗಮನಿಸಿಲ್ಲವೆಂದು ತಮಗೆ ತಾವೇ ಹೇಳಿಕೊಂಡಿದ್ದರು.

ಡಾಕ್ಟರಮ್ಮ ಅಕ್ಕನ ಜಾಗ ನೋಡಿ ಬಂದು ತುಂಬ ಮೆಚ್ಚಿದರು. ಒಂದೇ ತೊಡಕು. ಕ್ಲಚ್ಚಪ್ಪನ ಕಾಲಿಗೆ ಆಗಾಗ ಕ್ಲಿನಿಕ್ಕಿನಲ್ಲಿ ಚಿಕಿತ್ಸೆಯಾಗಬೇಕು, ನರ್ಸರಿಯ ಕಡೆಗೆ ಬಸ್ಸಿಲ್ಲ. "ಲೈಸೆನ್ಸ್ ತಗೊಳ್ಳಿ ಅಕ್ಕ. ಅದು ಬಂದ ದಿನವೇ ಕ್ಲಚ್ಚಪ್ಪ ನಿಮ್ಮವನು," ಎಂದರು.

ಅಕ್ಕ ಮೇಷ್ಟ್ರ ಕಡೆ ತಿರುಗಿ ಕೈಮುಗಿದರು. "ಇನ್ನೇನಿದ್ರೂ ನಿಮ್ಮ ಕೈಯಲ್ಲೇ ಇದೆ ಮೇಷ್ಟ್ರೇ."

ಅದೇ ಎಡವಟ್ಟಾಯಿತು.

ಊರಿಗೆಲ್ಲ ಬೇಗ ಲೈಸೆನ್ಸ್ ಕೊಡಿಸುವುದರಲ್ಲಿ ಹೆಸರಾದ ಮೇಷ್ಟ್ರು ಅಕ್ಕನ ಪಾಲಿಗೆ ಮಾತ್ರ ಪರಿಪೂರ್ಣತೆಯ ಆರಾಧಕರಾದರು. "ಟೆಸ್ಟಿಗೆ ಹೋಗೋಣವಾ?" ಎಂದರೆ, "ಮಳೆಯಲ್ಲಿ ಓಡಿಸೋದು ಕಲಿಯಬೇಕಲ್ಲ," ಎನ್ನುತ್ತಿದ್ದರು.

"ಈಗ ಬೇಸಿಗೆ ಮೇಷ್ಟ್ರೇ."

"ಅದಕ್ಕೇ ಅಂದದ್ದು, ಸ್ವಲ್ಪ ತಾಳ್ಮೆ ಬೇಕು ಅಂತ."

ಬೇರೆ ನೆವಗಳು ಮುಗಿದ ಮೇಲೆ ಅವರು ರಿವರ್ಸ್ ಹಿಡಿದರು. "ಮುಂದಕ್ಕೆ ಯಾರು ಬೇಕಾದರೂ ಹೋಗ್ತಾರೆ. ಹಿಂದಕ್ಕೆ ಹೋಗೋದರಲ್ಲೇ ಇರೋದು ವಿದ್ಯೆ," ಎಂಬ ಹೊಸ ತತ್ತ್ವವನ್ನು ಮಂಡಿಸಿದರು. ಅಕ್ಕ ಪಾಪ, ಗುರುವಾಕ್ಯವೆಂದು ನಂಬಿ, ಮೈದಾನದ ಸುತ್ತ ಹಿಂದಕ್ಕೆ ಓಡಿಸಿದರು. ಎಂಟರ ಆಕಾರದಲ್ಲಿ ಹಿಂದಕ್ಕೆ. ಓಣಿಯೊಳಗೆ ಹಿಂದಕ್ಕೆ. ಒಮ್ಮೆ ಪೆಟ್ರೋಲ್ ಬಂಕಿಗೂ ಹಿಂದುಹಿಂದಾಗಿಯೇ ಹೋದಾಗ ಬಂಕಿನವರು ಯಾವ ಕಡೆ ನಿಂತು ಸ್ವಾಗತಿಸಬೇಕೆಂದು ತಿಳಿಯದೆ ಗಾಬರಿಯಾದರು. ಕ್ಲಚ್ಚಪ್ಪನಿಗಂತೂ ಪ್ರಪಂಚವೇ ತಿರುವುಮುರುವಾಗಿ, ಹಿಂದಿನ ಗಾಜಿನತ್ತ ಮುಖ ಮಾಡಿ ಕೂರುವುದನ್ನು ಅಭ್ಯಾಸ ಮಾಡಿಕೊಂಡ.

ಮನೆಯಲ್ಲಿ ಹೆಂಡತಿ ಕೇಳುತ್ತಿದ್ದರು: "ಅಕ್ಕನ ಟೆಸ್ಟ್ ಯಾವಾಗ ರೀ?"

"ಆಗುತ್ತೆ, ಆಗುತ್ತೆ. ಸ್ವಲ್ಪ ಕಚ್ಚಾ ಇದ್ದಾರೆ."

ಒಂದು ದಿನ ಹೆಂಡತಿ ಆಸ್ಪತ್ರೆಯಿಂದ ಬಂದವರು ಚೀಲ ಕೆಳಗಿಡಲಿಲ್ಲ, ಚಪ್ಪಲಿ ಬಿಡಲಿಲ್ಲ. ಬಾಗಿಲಲ್ಲೇ ನಿಂತರು.

"ಇವತ್ತು ಒಬ್ಬರು ಕುತ್ತಿಗೆ ಎಕ್ಸ್‌ರೇಗೆ ಬಂದಿದ್ರು," ಎಂದರು. "ಕುತ್ತಿಗೆ ಒಂದು ಕಡೆಗೆ ತಿರುಗಿ ಹಾಗೇ ನಿಂತುಬಿಟ್ಟಿತ್ತು. ಬಿದ್ದಿರಾ ಅಂತ ಕೇಳಿದೆ. ಇಲ್ಲ ಅಂದ್ರು. ಭಾರ ಎತ್ತಿದಿರಾ? ಇಲ್ಲ. ಮತ್ತೆ ಹೇಗಾಯ್ತು ಅಂದರೆ, 'ಕಾರು ಕಲಿತಿದ್ದೀನಿ ಮೇಡಂ, ನಮ್ಮ ಮೇಷ್ಟ್ರು ತುಂಬ ಶ್ರದ್ಧೆ, ಬರೀ ಹಿಂದಕ್ಕೇ ಓಡಿಸೋಕೆ ಹೇಳ್ತಾರೆ' ಅಂದ್ರು."

ಮೇಷ್ಟ್ರು ಕ್ಲಚ್ಚಪ್ಪನ ಕಡೆ ನೋಡಿದರು. ಅವನಿಂದ ಯಾವ ಸಹಾಯವೂ ಬರಲಿಲ್ಲ.

"ಮೂಳೆ ಏನೂ ಆಗಿಲ್ಲ ತಾನೇ?" ಎಂದರು ಮೆಲ್ಲಗೆ.

"ಮೂಳೆ ಸರಿಯಾಗಿದೆ. ಕೆಟ್ಟಿರೋದು ಬೇರೆಯವರ ಬುದ್ಧಿ. ಅದು ಫಿಲ್ಮಿನಲ್ಲಿ ಬರಲ್ಲ."

ಮೇಷ್ಟ್ರು ಸೋಫಾದ ಅಂಚಿನಲ್ಲಿ ಕೂತರು. ಬಹಳ ಹೊತ್ತು ಅಂಗಿಯ ಗುಂಡಿಯನ್ನು ತಿರುಗಿಸಿದರು. ಆಮೇಲೆ, "ಅವರು ಪಾಸಾದರೆ ಇವನು ಹೋಗ್ತಾನೆ ಕಣೇ," ಎಂದರು. ಅವರ ದನಿ ಎಷ್ಟು ಸಣ್ಣದಾಗಿತ್ತೆಂದರೆ, ದಿನವಿಡೀ ರಸ್ತೆಯಲ್ಲಿ ಕೂಗುವ ಗಂಟಲು ಅದೇ ಎಂದು ಯಾರೂ ನಂಬುತ್ತಿರಲಿಲ್ಲ.

ಹೆಂಡತಿಯ ಸಿಟ್ಟು ಅರ್ಧಕ್ಕೆ ಇಳಿಯಿತು. ಈಗ ಚಪ್ಪಲಿ ಬಿಟ್ಟು ಬಂದು ಪಕ್ಕದಲ್ಲಿ ಕೂತರು. "ನನಗೂ ಗೊತ್ತು. ನಾನೂ ದಿನಾ ಅವನ ತಲೆ ಸವರಿಯೇ ಡ್ಯೂಟಿಗೆ ಹೋಗೋದು. ಆದರೆ ಆ ಅಕ್ಕ ಎಕ್ಸ್‌ರೇ ಮೇಜಿನ ಮೇಲೆ ಮಲಗಿಕೊಂಡು ಏನು ಹೇಳಿದ್ರು ಗೊತ್ತಾ? ಕ್ಲಚ್ಚಪ್ಪನಿಗೆ ಬಿಸಿಲು ತಾಗಬಾರದು ಅಂತ ಗೇಟಿನ ಹತ್ರ ನೆರಳಿನ ಗಿಡ ನೆಟ್ಟಿದ್ದಾರಂತೆ. ಕುತ್ತಿಗೆ ತಿರುಗದಿದ್ದರೂ ನಗ್ತಾ ಹೇಳ್ತಿದ್ರು." ಮತ್ತೆ ಸೇರಿಸಿದರು: "ಇವನನ್ನ ಮೆಷಿನ್ನಿನ ಹಿಂದಿನಿಂದ ಈಚೆ ತಂದದ್ದು ನೀವು. ಅಷ್ಟು ಮಾಡೋಕೆ ಇನ್ಯಾರಿಂದ ಆಗ್ತಿತ್ತು? ಆದರೆ ಇಲ್ಲೇ ಹಿಡಿದಿಟ್ಟುಕೊಂಡರೆ ಅದೂ ಇನ್ನೊಂದು ಸಂದಿಯೇ ಅಲ್ವಾ?"

ಮೇಷ್ಟ್ರು ಮರುದಿನ ಎದ್ದವರೇ ಅಕ್ಕನ ಮನೆಗೆ ಹೋಗಿ ತಪ್ಪೊಪ್ಪಿಕೊಂಡರು. ಅಕ್ಕ ಕುತ್ತಿಗೆಗೆ ಮೆತ್ತನೆಯ ಪಟ್ಟಿ ಕಟ್ಟಿಕೊಂಡು ಗಿಡಗಳಿಗೆ ನೀರು ಹಾಕುತ್ತಿದ್ದರು. ಎಲ್ಲ ಕೇಳಿಸಿಕೊಂಡು, ತಿರುಗಲಾಗದ ಕಾರಣ ಎದುರಿನ ಕ್ರೋಟನ್ ಗಿಡಕ್ಕೇ ಹೇಳುವಂತೆ, "ನಾನಾಗಿದ್ದರೂ ಅದನ್ನೇ ಮಾಡ್ತಿದ್ದೆನೇನೋ ಮೇಷ್ಟ್ರೇ," ಎಂದರು. ಆ ಮಾತು ಮೇಷ್ಟ್ರಿಗೆ ಬೈಗುಳಕ್ಕಿಂತ ಚೆನ್ನಾಗಿ ತಾಗಿತು.

ಟೆಸ್ಟಿನ ದಿನ ಲೈಸೆನ್ಸ್ ಕಚೇರಿಯ ಹಿಂದಿನ ಮೈದಾನದಲ್ಲಿ ಮೇಷ್ಟ್ರು ಕ್ಲಚ್ಚಪ್ಪನ ಹಗ್ಗ ಹಿಡಿದು ಮರದ ಕೆಳಗೆ ನಿಂತರು. ಅಕ್ಕನ ಕುತ್ತಿಗೆ ಆ ಹೊತ್ತಿಗೆ ಸರಿಹೋಗಿತ್ತು. ಪಕ್ಕದಲ್ಲಿ ಇನ್ಸ್‌ಪೆಕ್ಟರು ಕೂತರು. ಜೀವಮಾನದಲ್ಲಿ ಒಮ್ಮೆಯೂ ನಕ್ಕಿಲ್ಲವೆಂದು ಪ್ರಸಿದ್ಧರಾದವರು.

"ಹೊರಡಿ," ಎಂದರು ಇನ್ಸ್‌ಪೆಕ್ಟರು. ಅಕ್ಕ ಅಭ್ಯಾಸಬಲದಿಂದ ಸೊಗಸಾಗಿ ಹಿಂದಕ್ಕೆ ಹೊರಟರು.

"ಅಮ್ಮ, ಮುಂದಕ್ಕೆ."

"ಓ, ಮುಂದಕ್ಕೂ ಕೇಳ್ತೀರಾ?" ಎಂದ ಅಕ್ಕ ಗೇರು ಬದಲಿಸಿದರು. ಮರದ ಕೆಳಗೆ ಮೇಷ್ಟ್ರು ಕಣ್ಣು ಮುಚ್ಚಿಕೊಂಡರು. ಇದು ತಮ್ಮ ಪಾಪದ ಫಲ. ಆದರೆ ಮುಂದಕ್ಕೂ ಕಾರು ಚೆನ್ನಾಗಿಯೇ ಹೋಯಿತು. ತಿರುವಿನಲ್ಲಿ ತಿರುಗಿತು, ಏರಿನಲ್ಲಿ ನಿಂತಿತು, ಮತ್ತೆ ಹೊರಟಿತು. ಮೇಷ್ಟ್ರು ಕಣ್ಣು ಬಿಟ್ಟರು. ಅಷ್ಟರಲ್ಲಿ ಇನ್ಸ್‌ಪೆಕ್ಟರು ತೆರೆದ ಕಿಟಕಿಯಿಂದ ಮೈದಾನಕ್ಕೆಲ್ಲ ಕೇಳುವ ಹಾಗೆ ತಮ್ಮ ಕಂಚಿನ ಕಂಠದಲ್ಲಿ, "ಕ್ಲಚ್," ಎಂದರು.

ಹೆಸರು ಹಿಡಿದು ಕರೆದ ಮೇಲೆ ಹೋಗದಿರುವುದು ಸಭ್ಯತೆಯೇ? ಕ್ಲಚ್ಚಪ್ಪ ಒಂದೇ ಎಳೆತಕ್ಕೆ ಹಗ್ಗ ಬಿಡಿಸಿಕೊಂಡು, ಕುಂಟು ಕಾಲನ್ನೂ ಮರೆತು, ಮೈದಾನ ಸೀಳಿಕೊಂಡು ನೇರವಾಗಿ ಕಾರಿನ ಮುಂದಕ್ಕೆ ನುಗ್ಗಿದ.

ಮೇಷ್ಟ್ರ ಬಾಯಿಂದ ಹೊರಟ ಶಬ್ದ ಕನ್ನಡವೂ ಅಲ್ಲ, ಬೇರೆ ಭಾಷೆಯೂ ಅಲ್ಲ. ಅದು ಪೂರ್ತಿ ಹೊರಡುವ ಮೊದಲೇ ಕಾರು ನಿಂತಿತ್ತು. ಕಿರ್ರೆನ್ನಲಿಲ್ಲ, ಅಡ್ಡಾದಿಡ್ಡಿಯಾಗಲಿಲ್ಲ, ಗೋಡೆಗೆ ಮೊಳೆ ಹೊಡೆದ ಹಾಗೆ ನಿಂತಿತು. ಕ್ಲಚ್ಚಪ್ಪನ ಮೂಗಿಗೂ ಬಂಪರಿಗೂ ನಡುವೆ ಒಂದು ಗೇಣು. ಇನ್ಸ್‌ಪೆಕ್ಟರ ಟೋಪಿ ಡ್ಯಾಶ್‌ಬೋರ್ಡಿನ ಮೇಲೆ. ಅಕ್ಕ ಇಳಿದು ಓಡಿಬಂದು ಮಣ್ಣಿನಲ್ಲೇ ಕೂತು, ಅವನ ಕಾಲು, ಪಕ್ಕೆ, ಬಾಲ ಎಲ್ಲವನ್ನೂ ಮುಟ್ಟಿ ಮುಟ್ಟಿ ನೋಡಿದರು. ಅವನು ಅವರ ಕನ್ನಡಕವನ್ನು ನೆಕ್ಕಿದ.

ಮೇಷ್ಟ್ರು ಮರಕ್ಕೊರಗಿ ಹಾಗೆಯೇ ಕುಸಿದು ಕೂತಿದ್ದರು. ಅವರ ತಲೆಯಲ್ಲಿ ಒಂದೇ ಮಾತು: ನಾನೇ ಓಡಿಸುತ್ತಿದ್ದರೂ ಇಷ್ಟು ಬೇಗ ನಿಲ್ಲಿಸುತ್ತಿರಲಿಲ್ಲ.

ಇನ್ಸ್‌ಪೆಕ್ಟರು ಟೋಪಿ ಧರಿಸಿಕೊಂಡು ನಿಧಾನವಾಗಿ ನಡೆದುಬಂದರು. "ಮೇಷ್ಟ್ರೇ, ಪರೀಕ್ಷೆಯ ಮಧ್ಯೆ ಗಾಡಿ ಬಿಟ್ಟು ಇಳಿಯೋದು ತಪ್ಪು."

"ಹೌದು ಸಾರ್."

"ಆದರೆ ಇಳಿಯೋ ಮುಂಚೆ ಹ್ಯಾಂಡ್‌ಬ್ರೇಕ್ ಎಳೆದು, ನ್ಯೂಟ್ರಲ್ ಮಾಡಿ, ಇಂಜಿನ್ ಆರಿಸಿದ್ದಾರೆ. ಆ ಗಾಬರಿಯಲ್ಲಿ ನಾನೂ ಮಾಡ್ತಿರಲಿಲ್ಲ. ಇನ್ನು ಆ ರಿವರ್ಸು. ಅಂಥ ರಿವರ್ಸ್ ನನ್ನ ಸರ್ವೀಸಿನಲ್ಲೇ ನೋಡಿಲ್ಲ. ತುಂಬ ಕಷ್ಟಪಟ್ಟು ಕಲಿಸಿದ್ದೀರಿ."

"ಅವರೇ ಕಷ್ಟಪಟ್ಟರು ಸಾರ್," ಎಂದರು ಮೇಷ್ಟ್ರು. ಅದರಷ್ಟು ಸತ್ಯವಾದ ಮಾತನ್ನು ಅವರು ಆ ಬೇಸಿಗೆಯಲ್ಲಿ ಆಡಿರಲಿಲ್ಲ.

ಲೈಸೆನ್ಸ್ ಕೈಗೆ ಬಂದ ದಿನ ಅಕ್ಕ ಗಿಡ ಸಾಗಿಸುವ ಪುಟ್ಟ ವ್ಯಾನನ್ನು ತಾವೇ ಓಡಿಸಿಕೊಂಡು ಬಂದರು. ಹೆಂಡತಿ ಕ್ಲಚ್ಚಪ್ಪನನ್ನು ತಬ್ಬಿ, ಕಣ್ಣು ಒರೆಸಿಕೊಂಡು, "ಹೋಗಿ ಬಾ ಮಗನೇ," ಎಂದರು. ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. ಭಾಷಣವೊಂದು ತಯಾರಿತ್ತು. ಕ್ಲಚ್ಚಪ್ಪ ಅದಕ್ಕೆ ಕಾಯದೆ ವ್ಯಾನಿಗೆ ಹಾರಿ ಮುಂದಿನ ಸೀಟಿನಲ್ಲಿ ಕೂತ. ಮೇಷ್ಟ್ರು ಭಾಷಣ ಬಿಟ್ಟು, "ಎಡಗಡೆ ನೋಡ್ಕೊಳ್ಳಿ, ಚರಂಡಿ ಇದೆ. ಬನ್ನಿ, ಬನ್ನಿ, ಸಾಕು. ಈಗ ಹೋಗಿ," ಎಂದು ಕೈಬೀಸಿ ದಾರಿ ತೋರಿಸಿದರು. ವ್ಯಾನು ತಿರುವಿನಲ್ಲಿ ಮರೆಯಾದ ಮೇಲೂ ಅವರ ಕೈ "ಬನ್ನಿ, ಬನ್ನಿ" ಎನ್ನುತ್ತಲೇ ಇತ್ತು. ಹೆಂಡತಿ ಆ ಕೈಯನ್ನು ಹಿಡಿದು ಇಳಿಸಿದರು.

ಕಣ್ಣಲ್ಲಿ ಹನಿಯೂ ಬರಲಿಲ್ಲ. ಮೇಷ್ಟ್ರು ಇದನ್ನು ಹೆಂಡತಿಗೆ ಬೆರಳಿಟ್ಟು ತೋರಿಸಿದರು ಕೂಡ. ಮರುದಿನ ಪಾಠಕ್ಕೆ ಬಂದದ್ದು ಬ್ಯಾಂಕಿನ ಕ್ಯಾಷಿಯರ್, ಮಾತು ಕಮ್ಮಿಯ ಮನುಷ್ಯ. ಕಾರು ಕುಲುಕಾಡಿತು. "ಕ್ಲ..." ಎಂದರು ಮೇಷ್ಟ್ರು. ಕಿವಿಯ ಬಳಿ ಯಾವ ಮೂತಿಯೂ ಬರಲಿಲ್ಲ.

"ಏನು ಒತ್ತಲಿ ಮೇಷ್ಟ್ರೇ?"

"ಅದೇ... ಎಡಗಾಲಿಂದು," ಎಂದರು ಮೇಷ್ಟ್ರು. "ಎಡಗಾಲಿನ ಕೆಳಗಿರೋದು. ಅದರ ಹೆಸರು ಕೇಳಬೇಡಿ." ಅಷ್ಟು ಹೇಳಿದ್ದೇ, ಕಟ್ಟೆಯೊಡೆಯಿತು. ಕ್ಯಾಷಿಯರ್ ಕಾರನ್ನು ಮೊದಲ ಬಾರಿಗೆ ಅಚ್ಚುಕಟ್ಟಾಗಿ ರಸ್ತೆಯ ಅಂಚಿಗೆ ನಿಲ್ಲಿಸಿ, ನೀರಿನ ಬಾಟಲಿ ಕೊಟ್ಟು, ಬೆನ್ನು ಸವರಿದ. "ನನ್ನ ಡ್ರೈವಿಂಗ್ ಅಷ್ಟು ಕೆಟ್ಟದಾಗಿದೆಯಾ ಮೇಷ್ಟ್ರೇ?" ಎಂದು ಕೇಳಿದ. ಮೇಷ್ಟ್ರಿಗೆ ಅಳುವಿನ ನಡುವೆ ನಗು ಬಂದು, ಎರಡೂ ಒಟ್ಟಿಗೆ ಬಹಳ ಹೊತ್ತು ನಡೆದವು.

ಹೊಸ ಜಾಗಕ್ಕೆ ಹೊಂದಿಕೊಳ್ಳುವವರೆಗೆ ನೋಡಲು ಹೋಗಬಾರದೆಂದು ಡಾಕ್ಟರಮ್ಮ ಕಟ್ಟಪ್ಪಣೆ ಮಾಡಿದ್ದರು. ಅಪ್ಪಣೆ ಸಡಿಲಿದ ಮೇಲೆ ಹೆಂಡತಿಗೆ ಸಿಕ್ಕ ಮೊದಲ ರಜೆಯ ಮಧ್ಯಾಹ್ನವೇ ಮೇಷ್ಟ್ರು ಪಾಠ ಮುಗಿಸಿದವರು ಮನೆಯೊಳಕ್ಕೂ ಬಾರದೆ ಗೇಟಿನಲ್ಲೇ ಹಾರ್ನ್ ಹೊಡೆದು ಹೆಂಡತಿಯನ್ನು ಹತ್ತಿಸಿಕೊಂಡು ನರ್ಸರಿಗೆ ಹೊರಟರು. ಹಿಂದಿನ ಸೀಟಿನಲ್ಲಿ ಹಳೆಯ ಕಂಬಳಿ ಹಾಸಿದ್ದರು.

"ಕಂಬಳಿ ಯಾಕೆ ರೀ?"

"ಅಕಸ್ಮಾತ್ ಅವನು ನಮ್ಮ ಜೊತೆ ಬರ್ತೀನಿ ಅಂತ ಹಟ ಮಾಡಿದರೆ? ಪ್ರಾಣಿಗಳ ಮನಸ್ಸು, ನೋಡು, ಹೇಳೋಕಾಗಲ್ಲ."

ನರ್ಸರಿಯ ಗೇಟು ತೆರೆದದ್ದೇ ತಡ, ಕುಂಡಗಳ ಸಾಲಿನ ನಡುವಿನಿಂದ ಒಂದು ಕಂದು ಬಾಣ ಹಾರಿಬಂತು. ಪಕ್ಕೆ ತುಂಬಿಕೊಂಡಿತ್ತು, ಮೈ ಮಿರುಗುತ್ತಿತ್ತು. ಮೇಷ್ಟ್ರ ಎದೆಯವರೆಗೆ ಹಾರಿ, ಸುತ್ತಿ, ಮುಲುಗುಟ್ಟಿ, ನೆಲಕ್ಕೆ ಬಿದ್ದು ಹೊರಳಿ, ಕಿವಿಯನ್ನೂ ಕೆನ್ನೆಯನ್ನೂ ನೆಕ್ಕಿ ಒದ್ದೆ ಮಾಡಿತು. ಮೇಷ್ಟ್ರು ಮಣ್ಣಿನಲ್ಲಿ ಕೂತಲ್ಲಿಂದಲೇ ಹೆಂಡತಿಯ ಕಡೆ ನೋಡಿದರು. ರಾಜ್ಯ ಗೆದ್ದ ನೋಟ.

"ಮರೆತಿಲ್ಲ ನೋಡು. ಇದಕ್ಕೆ ಅನ್ನೋದು ಋಣಾನುಬಂಧ. ನಾನು ಕಲಿಸಿಲ್ಲ, ಅವನು ಕೇಳಿಲ್ಲ, ಆದರೂ..."

ಆಗ ಗೇಟಿನ ಹೊರಗೆ ಗ್ಯಾಸ್ ಸಿಲಿಂಡರಿನ ಗಾಡಿ ಬಂದು ನಿಂತಿತು. ಕ್ಲಚ್ಚಪ್ಪ ಮೇಷ್ಟ್ರ ತೊಡೆಯಿಂದ ಹಾರಿ, ವಾಕ್ಯ ಮುಗಿಯುವುದರೊಳಗೆ ಸಿಲಿಂಡರಿನವನ ಎದೆಯ ಮೇಲಿದ್ದ. ಅದೇ ಹಾರಾಟ, ಅದೇ ಮುಲುಗು, ಅದೇ ಹೊರಳಾಟ. ಎರಡು ಸುತ್ತು ಹೆಚ್ಚೇ ಹಾಕಿದ. ಆಮೇಲೆ ಗೊಬ್ಬರ ಕೊಳ್ಳಲು ಯಾರೋ ಹಿರಿಯರು ಬಂದರು. ಅವರಿಗೂ ಆಯಿತು.

"ನಿಮಗೆ ಪರಿಚಯವಾ?" ಎಂದು ಮೇಷ್ಟ್ರು ಆ ಹಿರಿಯರನ್ನು ಕೇಳಿದರು.

"ಇವತ್ತೇ ಮೊದಲು ನೋಡ್ತಿರೋದು," ಎಂದರು ಅವರು, ಮುಖ ಒರೆಸಿಕೊಳ್ಳುತ್ತ.

ಅಕ್ಕ ಮುಖವೆಲ್ಲ ನಗುವಾಗಿ ಬಂದರು. "ಮೊದಲು ಮನುಷ್ಯರನ್ನ ಕಂಡರೆ ಅಡಗಿ ಕೂರ್ತಿದ್ನಂತಲ್ಲ ಮೇಷ್ಟ್ರೇ. ಈಗ ನೋಡಿ, ಒಬ್ಬರನ್ನೂ ಬಿಡಲ್ಲ. ಎಂಥ ಮನೆಯಲ್ಲಿ ಇದ್ದು ಬಂದಿದ್ದಾನೆ ಅಂತ ಎಲ್ಲರೂ ಕೇಳ್ತಾರೆ."

ಮೇಷ್ಟ್ರು ಅತ್ತ ತಿರುಗಿದರು. ಸಿಲಿಂಡರಿನವನ ಟೋಪಿ ಕಚ್ಚಿಕೊಂಡು ಕುಂಡಗಳ ನಡುವೆ ಓಡುತ್ತಿದ್ದ ಕ್ಲಚ್ಚಪ್ಪನನ್ನು ನೋಡಿದರು. ನಗು ಮೊದಲು ಹೊಟ್ಟೆಯಲ್ಲಿ ಹುಟ್ಟಿ, ಭುಜಕ್ಕೆ ಏರಿ, ಕೊನೆಗೆ ಬಾಯಿಗೆ ಬಂತು. ಬಹಳ ದಿನಗಳ ಮೇಲೆ ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು.

ಹಿಂತಿರುಗುವಾಗ ಕ್ಲಚ್ಚಪ್ಪ ಗೇಟಿನವರೆಗೆ ಬಂದ. ಅಕ್ಕ ಒಳಗಿನಿಂದ ಶಿಳ್ಳೆ ಹಾಕಿದರು. ತಿರುಗಿ ನೋಡದೆ ಓಡಿಹೋದ. ಕಂಬಳಿ ಹಿಂದಿನ ಸೀಟಿನಲ್ಲಿ ಮಡಿಕೆ ಕೂಡ ಕೆಡದೆ ಮಲಗಿತ್ತು.

ಮೇಷ್ಟ್ರು ಕಾರನ್ನು ದೊಡ್ಡ ರಸ್ತೆಗೆ ಏರಿಸಿದರು. ಆಮೇಲೆ ರಸ್ತೆಯ ಮೇಲಿಂದ ಕಣ್ಣು ತೆಗೆಯದೆ, "ಡಾಕ್ಟರಮ್ಮನಿಗೆ ಒಂದು ಫೋನ್ ಮಾಡು," ಎಂದರು. "ಸುಮ್ಮನೆ ವಿಚಾರಿಸು. ಅಲ್ಲಿ ಹೆದರಿಕೊಂಡು ಮೂಲೆಯಲ್ಲಿ ಕೂತಿರೋದು ಯಾವುದಾದರೂ ಇದ್ದರೆ... ತಾತ್ಕಾಲಿಕವಾಗಿ."

"ಮಾಡಿ ಆಯ್ತು," ಎಂದರು ಹೆಂಡತಿ.

"ಯಾವಾಗ?"

"ನಿನ್ನೆ. ಇವತ್ತು ಬೆಳಿಗ್ಗೆ ನೀವು ಪಾಠಕ್ಕೆ ಹೋದ ಮೇಲೆ ಅವರೇ ತಂದು ಬಿಟ್ಟು ಹೋದರು. ನಮ್ಮ ಬಚ್ಚಲುಮನೆಯಲ್ಲಿದೆ. ಅಂದರೆ, ಇದ್ದಾವೆ."

"ಇದ್ದಾವೆ ಅಂದರೆ?"

"ತಾಯಿ ಒಂದು. ಮರಿಗಳನ್ನ ನಾನಿನ್ನೂ ಸರಿಯಾಗಿ ಎಣಿಸಿಲ್ಲ. ಎಣಿಸೋಕೆ ಹೋದರೆ ಒಂದರ ಮೇಲೊಂದು ಹತ್ತಿಕೊಳ್ತಾವೆ ರೀ."

ಊರಿಗೆಲ್ಲ ನಿಧಾನದ ಪಾಠ ಹೇಳಿದ ಮೇಷ್ಟ್ರ ಬಲಗಾಲು ತನಗೆ ತಾನೇ ಕೆಳಗಿಳಿಯಿತು. ಕಾರು ಬಾಣದ ಹಾಗಾಯಿತು ಎಂದರೆ ಸಾಲದು, ಬಾಣವೇ ಆಯಿತು. ಅದು ಕಲಿಸುವ ಕಾರು; ಪಕ್ಕದ ಸೀಟಿನವರ ಕಾಲಡಿಯಲ್ಲೂ ಒಂದು ಬ್ರೇಕು ಇರುತ್ತದೆ. ಹೆಂಡತಿ ಮಡಿಲಿನ ಚೀಲವನ್ನು ಸರಿಮಾಡಿಕೊಂಡು, ಆ ಬ್ರೇಕಿನ ಮೇಲೆ ಮೆಲ್ಲಗೆ ಕಾಲಿಟ್ಟು ಒತ್ತಿದರು.

"ನಿಧಾನ," ಎಂದರು. "ಹೀಗೆ ಓಡಿಸಿದರೆ ನಿಮಗೆ ಯಾರೂ ಲೈಸೆನ್ಸ್ ಕೊಡಲ್ಲ."